ಗಂಟೆಗೆ ಎಷ್ಟು ಬೀಳುತ್ತದೆ? ಸರ್ಕಾರಿ ಹುದ್ದೆಗಳ ಸಂಬಳ ಮತ್ತು ಡ್ಯೂಟಿ, ಒರೆಗೆ ಹಚ್ಚಿ ನೋಡಿದಾಗ

ಮಿಕ್ಸಿ ಕೊಳ್ಳುವಾಗ ಎಷ್ಟು ವ್ಯಾಟ್, ಎಷ್ಟು ವರ್ಷ ಗ್ಯಾರಂಟಿ, ಸರ್ವಿಸ್ ಸೆಂಟರ್ ಎಲ್ಲಿದೆ ಎಂದೆಲ್ಲ ವಿಚಾರಿಸುವವರು, ಮೂವತ್ತು ವರ್ಷ ಮಾಡಬೇಕಾದ ಕೆಲಸಕ್ಕೆ ಅರ್ಜಿ ಹಾಕುವಾಗ ನೋಟಿಫಿಕೇಷನ್‌ನಲ್ಲಿ ಒಂದೇ ಸಾಲು ಓದುತ್ತಾರೆ: ವೇತನ ಶ್ರೇಣಿ. ಆ ಸಾಲಿನಿಂದ ಹುದ್ದೆಯ ದರ್ಜೆ ತಿಳಿಯುತ್ತದೆ, ಅಷ್ಟೆ. ತಿಂಗಳಿಗೆ ಕೈಗೆ ಬರುವುದೆಷ್ಟು, ಅದಕ್ಕೆ ಎಷ್ಟು ಗಂಟೆ ದುಡಿಯಬೇಕು ಎಂಬುದು ಅದರಲ್ಲಿಲ್ಲ. ಹಾಗಾಗಿ ಕರ್ನಾಟಕದ ಹುಡುಗ ಹುಡುಗಿಯರು ಹೆಚ್ಚಾಗಿ ಅರ್ಜಿ ಹಾಕುವ ಕೆಲವು ಹುದ್ದೆಗಳನ್ನು ಇಲ್ಲಿ ಗಂಟೆ ಲೆಕ್ಕದಲ್ಲಿ ತೂಗಿದ್ದೇವೆ. ಎಲ್ಲವೂ ಹೊಸದಾಗಿ ಸೇರಿದವರ ಮೊದಲ ಹಂತದ ಮೂಲವೇತನದ (ಬೇಸಿಕ್) ಮೇಲೆ, 2025ರ ಜುಲೈನಿಂದ ಅನ್ವಯವಾದ ತುಟ್ಟಿಭತ್ಯೆ (ಡಿಎ) ಹಿಡಿದು ಮಾಡಿದ ಲೆಕ್ಕ: ರಾಜ್ಯದ ಹುದ್ದೆಗಳಿಗೆ 14.25%, ಕೇಂದ್ರದವಕ್ಕೆ 58%.

ಮೊದಲು ಒಂದು ಗೊಂದಲ ಬಗೆಹರಿಸಬೇಕು. ಕೋಚಿಂಗ್ ಸೆಂಟರಿನ ಪಾಂಪ್ಲೆಟ್‌ಗಳಲ್ಲಿ, ಹಳೆಯ ನೋಟಿಫಿಕೇಷನ್‌ಗಳಲ್ಲಿ ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಹುದ್ದೆಗೆ 21,400–42,000 ಎಂದಿರುತ್ತದೆ. ಅದು 2018ರ ಶ್ರೇಣಿ. ಕೆ. ಸುಧಾಕರ್ ರಾವ್ ಅಧ್ಯಕ್ಷತೆಯ 7ನೇ ರಾಜ್ಯ ವೇತನ ಆಯೋಗದ ಶಿಫಾರಸು 2024ರ ಆಗಸ್ಟ್ 1ರಿಂದ ಜಾರಿಯಾದ ಮೇಲೆ ಇದೇ ಹುದ್ದೆಯ ಶ್ರೇಣಿ 34,100–67,600 ಆಗಿದೆ. ಹೇಗೆ ಎಂದರೆ, ಹಳೆಯ ಮೂಲವೇತನ 21,400ಕ್ಕೆ 2022ರ ಜುಲೈನಲ್ಲಿದ್ದ 31% ಡಿಎ, ಅಂದರೆ 6,634 ಸೇರಿಸಿ. ಅದೇ 21,400ರ 27.5% ಫಿಟ್‌ಮೆಂಟ್ (ಆಯೋಗ ಕೊಟ್ಟ ಏರಿಕೆ), ಅಂದರೆ 5,885 ಸೇರಿಸಿ. 33,919 ಬರುತ್ತದೆ. ಹೊಸ ಮಾಸ್ಟರ್ ಸ್ಕೇಲಿನಲ್ಲಿ (ಎಲ್ಲ ಹುದ್ದೆಗಳಿಗೂ ಸೇರಿದ ವೇತನ ಹಂತಗಳ ಪಟ್ಟಿ) ಅದರ ಮುಂದಿನ ಹಂತ 34,100. ಬೇರೆ ಯಾವ ಹುದ್ದೆಯ ಹಳೆ ಬೇಸಿಕ್ ಕೊಟ್ಟರೂ 1.585ರಿಂದ ಗುಣಿಸಿ ಮುಂದಿನ ಹಂತಕ್ಕೆ ಏರಿಸಿದರೆ ಹೊಸದು ಸಿಗುತ್ತದೆ. ಕನಿಷ್ಠ ಮೂಲವೇತನ 17,000 ಇದ್ದದ್ದು 27,000 ಆಗಿದ್ದು ಹೀಗೆಯೇ.

ಇಲ್ಲಿ ಬಹಳ ಜನ ಎಡವುವುದು ಹಳೆಯ ಬೇಸಿಕ್‌ಗೆ ಹೊಸ ಡಿಎ, ಇಲ್ಲವೇ ಹೊಸ ಬೇಸಿಕ್‌ಗೆ ಹಳೆಯ ಡಿಎ ಹಾಕಿ. ಇನ್ನೂ ಕೆಲವರು ಹೊಸ ಬೇಸಿಕ್‌ಗೆ ಕೇಂದ್ರದ 58% ಡಿಎ ಹಾಕಿ, ಎಸ್‌ಡಿಎಗೆ ಅರವತ್ತು ಸಾವಿರ ಸಂಬಳ ಎಂದು ವಾಟ್ಸ್ಆ್ಯಪ್‌ನಲ್ಲಿ ಹಂಚುತ್ತಾರೆ. ಆ ಮೆಸೇಜ್ ನಂಬಿ ಸಾಲ ಮಾಡಬೇಡಿ.

ಮನೆ ಬಾಡಿಗೆ ಭತ್ಯೆಯದೂ (ಎಚ್‌ಆರ್‌ಎ) ಹಾಗೆಯೇ. ಮೊದಲು 24, 16, 8 ಇದ್ದ ಶೇಕಡಾವಾರು ಈಗ 20, 15, 7.5. ಬೆಂಗಳೂರಿಗೆ 20%, ಐದು ಲಕ್ಷದಿಂದ ಇಪ್ಪತ್ತೈದು ಲಕ್ಷದವರೆಗೆ ಜನಸಂಖ್ಯೆ ಇರುವ ಊರುಗಳಿಗೆ 15%, ಉಳಿದ ತಾಲ್ಲೂಕು, ಹಳ್ಳಿಗಳಿಗೆಲ್ಲ 7.5%. ಪರ್ಸೆಂಟೇಜ್ ಇಳಿಯಿತು ಎಂದು ಆಗ ಗೊಣಗಿದವರೇ ಹೆಚ್ಚು. ಆದರೆ ಬೇಸಿಕ್ ಏರಿದ್ದರಿಂದ ಕೈಗೆ ಬರುವ ರೂಪಾಯಿ ಇಳಿಯಲಿಲ್ಲ.

ಈಗ ಗಂಟೆಗೆ ಬರೋಣ. ಸರ್ಕಾರಿ ಕಚೇರಿ ವೇಳೆ ಬೆಳಿಗ್ಗೆ 10ರಿಂದ ಸಂಜೆ 5.30. ಎರಡನೇ ಶನಿವಾರದ ಜೊತೆಗೆ ನಾಲ್ಕನೇ ಶನಿವಾರವೂ ರಜೆಯಾಗಿದ್ದು 2019ರಲ್ಲಿ. ಅದಕ್ಕೆ ಬದಲಾಗಿ ಸಾಂದರ್ಭಿಕ ರಜೆಯನ್ನು (ಸಿಎಲ್) 15ರಿಂದ 10ಕ್ಕೆ ಇಳಿಸಿದರು. 365ರಲ್ಲಿ ಭಾನುವಾರ 52, ಆ ಶನಿವಾರಗಳು 24, ಹಬ್ಬ ಜಯಂತಿ ಸುಮಾರು 19, ಸಿಎಲ್ 10 ತೆಗೆದರೆ ಉಳಿಯುವುದು 260 ದಿನ. ದಿನಕ್ಕೆ ಏಳೂವರೆ ಗಂಟೆಯಂತೆ ವರ್ಷಕ್ಕೆ 1,950 ಗಂಟೆ, ತಿಂಗಳಿಗೆ ಸರಾಸರಿ 162.5. ಊಟದ ಬಿಡುವನ್ನು ಕಳೆದಿಲ್ಲ. ಊಟದ ಹೊತ್ತಿನಲ್ಲೂ ಕೌಂಟರ್ ಮುಂದೆ ಜನ ನಿಂತೇ ಇರುತ್ತಾರೆ. ಗಳಿಕೆ ರಜೆಯನ್ನೂ ಮುಟ್ಟಿಲ್ಲ, ಏಕೆಂದರೆ ಹೆಚ್ಚಿನವರು ಅದನ್ನು ಕೂಡಿಡುತ್ತಾರೆ.

ಎಸ್‌ಡಿಎ, ಬೆಂಗಳೂರು: 34,100 ಬೇಸಿಕ್, 4,859 ಡಿಎ, 6,820 ಎಚ್‌ಆರ್‌ಎ. ಒಟ್ಟು 45,779. ನಗರ ಪರಿಹಾರ ಭತ್ಯೆಯ ಕೆಲವು ನೂರು ರೂಪಾಯಿ ಬೇರೆ. ಗಂಟೆಗೆ ಸುಮಾರು 282 ರೂಪಾಯಿ. ಎಫ್‌ಡಿಎ (ಪ್ರಥಮ ದರ್ಜೆ ಸಹಾಯಕ) ಆದರೆ ಬೇಸಿಕ್ 44,425, ಇದೇ ಲೆಕ್ಕದಲ್ಲಿ ಒಟ್ಟು 59,641, ಗಂಟೆಗೆ 367. ಒಂದೇ ಕೋಣೆಯಲ್ಲಿ ಎದುರುಬದುರು ಟೇಬಲ್, ಒಂದೇ ಫೈಲ್, ಒಂದೇ ಬಯೋಮೆಟ್ರಿಕ್, ನಡುವೆ ತಿಂಗಳಿಗೆ ಹದಿನಾಲ್ಕು ಸಾವಿರದಷ್ಟು ಅಂತರ. ಡಿಗ್ರಿ ಇದ್ದೂ ಎಸ್‌ಡಿಎ ಪರೀಕ್ಷೆಯನ್ನೇ ನೆಚ್ಚಿ ಕೂರುವವರು ಇದೊಂದು ಅಂಕಿ ನೆನಪಿಟ್ಟುಕೊಂಡರೆ ಸಾಕು.

ಅದೇ ಎಸ್‌ಡಿಎ ತಾಲ್ಲೂಕಿನಲ್ಲಿದ್ದರೆ ಎಚ್‌ಆರ್‌ಎ 2,558ಕ್ಕೆ ಇಳಿಯುತ್ತದೆ, ಒಟ್ಟು 41,517. ಬೆಂಗಳೂರಿಗಿಂತ 4,262 ಕಡಿಮೆ. ಅಯ್ಯೋ ಎನ್ನುವ ಮೊದಲು ಯೋಚಿಸಿ: ಬೆಂಗಳೂರಿನ ಒಂದು ಬೆಡ್‌ರೂಮಿನ ಮನೆಗೂ ತಾಲ್ಲೂಕು ಕೇಂದ್ರದ ಅಂಥದ್ದೇ ಮನೆಗೂ ಬಾಡಿಗೆಯ ಅಂತರ ನಾಲ್ಕು ಸಾವಿರದಲ್ಲಿ ನಿಲ್ಲುತ್ತದೆಯೇ? ಮೇಲೆ ಅಡ್ವಾನ್ಸು, ಓಡಾಟದ ಎರಡು ಗಂಟೆ. ಓಡಾಟವನ್ನೂ ಡ್ಯೂಟಿಗೆ ಸೇರಿಸಿದರೆ ಬೆಂಗಳೂರಿನ ಏಳೂವರೆ ಗಂಟೆ ಒಂಬತ್ತೂವರೆ ಆಗುತ್ತದೆ, 282 ರೂಪಾಯಿ 222ಕ್ಕೆ ಕುಸಿಯುತ್ತದೆ. ತಾಲ್ಲೂಕಿನಲ್ಲಿ ಹತ್ತು ನಿಮಿಷಕ್ಕೆ ಕಚೇರಿ ಸೇರುವವರಿಗೆ 255 ಹಾಗೇ ಉಳಿಯುತ್ತದೆ. ಎಸ್‌ಡಿಎ ಮಟ್ಟದಲ್ಲಿ ಊರ ಹತ್ತಿರದ ಪೋಸ್ಟಿಂಗೇ ಲಾಭ ಎಂಬುದು ನಮ್ಮ ತೀರ್ಪು. ಎಫ್‌ಡಿಎ ಆದರೂ ಹೆಚ್ಚು ಬದಲಾಗುವುದಿಲ್ಲ.

ಕೇಂದ್ರ ಸರ್ಕಾರದ ಕೆಲಸವೇ ಮೇಲು ಎಂಬ ನಂಬಿಕೆಯನ್ನೂ ಸ್ವಲ್ಪ ತಡಕಿ ನೋಡಬೇಕು. ಬೆಂಗಳೂರಿನಲ್ಲಿ ಎಲ್‌ಡಿಸಿ (ಕೆಳ ದರ್ಜೆ ಗುಮಾಸ್ತ): ಬೇಸಿಕ್ 19,900, ಡಿಎ 58% ಅಂದರೆ 11,542, ಎಚ್‌ಆರ್‌ಎ 30% ಅಂದರೆ 5,970, ಸಾರಿಗೆ ಭತ್ಯೆ ಡಿಎ ಸಮೇತ 2,133. ಒಟ್ಟು 39,545. ನಮ್ಮ ಎಸ್‌ಡಿಎಗಿಂತ ಆರು ಸಾವಿರ ಕಡಿಮೆ! ವಾರಕ್ಕೆ ಐದೇ ದಿನ ಎನ್ನುತ್ತಾರೆ, ನಿಜ. ಆದರೆ ದಿನಕ್ಕೆ ಎಂಟೂವರೆ ಗಂಟೆ. ರಜೆಗಳನ್ನೆಲ್ಲ ಕಳೆದು ಸುಮಾರು 234 ದಿನ ದುಡಿದರೆ ವರ್ಷಕ್ಕೆ 1,989 ಗಂಟೆ. ರಾಜ್ಯದವರ 1,950ಕ್ಕೂ ಇದಕ್ಕೂ ಹೇಳಿಕೊಳ್ಳುವ ವ್ಯತ್ಯಾಸವೇ ಇಲ್ಲ. ಶನಿವಾರ ಕೊಟ್ಟು ಸಂಜೆಗಳಲ್ಲಿ ವಸೂಲಿ ಮಾಡಿಕೊಂಡಂತೆ.

ಹಾಗೆಂದು ಕೇಂದ್ರವನ್ನು ತಳ್ಳಿಹಾಕುವುದೂ ಆತುರವೇ. ಅಲ್ಲಿ ವಾರ್ಷಿಕ ವೇತನ ಬಡ್ತಿ 3%. ಇಲ್ಲಿ ಮಾಸ್ಟರ್ ಸ್ಕೇಲಿನಲ್ಲಿ 34,100ರ ಮುಂದಿನ ಹಂತ 34,900. 800 ರೂಪಾಯಿ, ಶೇಕಡಾ 2.35 ಮಾತ್ರ. ಅಲ್ಲಿ 1% ಡಿಎ ಏರಿದರೆ ಇಲ್ಲಿ 0.722% ಏರುತ್ತದೆ. ರಾಜ್ಯದ ಬೇಸಿಕ್‌ನಲ್ಲಿ ಆಗಲೇ ಹಳೆಯ ಡಿಎ ಕರಗಿರುವುದರಿಂದ ಅದು ನ್ಯಾಯವೇ ಅನ್ನಿ. 8ನೇ ಕೇಂದ್ರ ವೇತನ ಆಯೋಗದ ವರದಿ ಜಾರಿಯಾದ ದಿನ ಈ ಆರು ಸಾವಿರದ ಮುನ್ನಡೆ ತಲೆಕೆಳಗಾಗುವ ಸಾಧ್ಯತೆ ಇದ್ದೇ ಇದೆ. ಈಗ ರಾಜ್ಯ ಮುಂದಿರುವುದು ಆಯೋಗಗಳ ಸರದಿಯಿಂದ. ಉದಾರತೆ ಇದರಲ್ಲಿ ಏನೂ ಇಲ್ಲ.

ಪೊಲೀಸ್ ಕಾನ್‌ಸ್ಟೇಬಲ್ ಹುದ್ದೆಯ ಶ್ರೇಣಿ 37,500–76,100. ಬೆಂಗಳೂರಿನಲ್ಲಿ ಬೇಸಿಕ್, ಡಿಎ, ಎಚ್‌ಆರ್‌ಎ ಸೇರಿ 50,344. ಸಮವಸ್ತ್ರ, ಕಷ್ಟಪರಿಹಾರದಂಥ ಭತ್ಯೆಗಳು ಮೇಲೆ. ಕಾಗದದಲ್ಲಿ ಎಸ್‌ಡಿಎಗಿಂತ ನಾಲ್ಕೂವರೆ ಸಾವಿರ ಹೆಚ್ಚು. ಗಂಟೆ ಹಾಕಿ ನೋಡಿ: ವಾರಕ್ಕೊಂದು ರಜೆ ಸರಿಯಾಗಿ ಸಿಕ್ಕಿತು, ವರ್ಷಕ್ಕೆ 15 ಸಿಎಲ್ ಮುಗಿಸಿದರು ಎಂದೇ ಹಿಡಿದರೂ 298 ದಿನ ಡ್ಯೂಟಿ. ಪೊಲೀಸರಿಗೆ ಹಬ್ಬದ ರಜೆ ಎಂಬುದಿಲ್ಲ. ಊರಿಗೆ ಹಬ್ಬ ಬಂದರೆ ಇವರಿಗೆ ಬಂದೋಬಸ್ತ್. ಎಂಟು ಗಂಟೆ ಪಾಳಿ ನಿಜವಾಗಿ ನಡೆದರೆ ಗಂಟೆಗೆ 253. ಹನ್ನೆರಡು ಗಂಟೆ ಎಂದು ಹಿಡಿದರೆ 169. ಠಾಣೆಯ ಬಳಿ ವಾಸಿಸುವ ಯಾರನ್ನಾದರೂ ಕೇಳಿ, ಎರಡರಲ್ಲಿ ಯಾವುದು ಸತ್ಯಕ್ಕೆ ಹತ್ತಿರ ಎಂದು ಅವರೇ ಹೇಳುತ್ತಾರೆ. ಕ್ವಾರ್ಟರ್ಸ್ ಸಿಕ್ಕರೆ ಎಚ್‌ಆರ್‌ಎಯ 7,500 ಬರುವುದಿಲ್ಲ, ಆದರೆ ನಗರದ ಬಾಡಿಗೆ ನೋಡಿದರೆ ಅದು ಒಳ್ಳೆಯ ವಿನಿಮಯ. ಹೆಚ್ಚುವರಿ ಗಂಟೆಗೆ ಓಟಿ ಇಲ್ಲ ಎಂಬುದೇ ಈ ಹುದ್ದೆಯ ದೊಡ್ಡ ಕೊರತೆ.

ಓಟಿ ಕಾನೂನಿನಲ್ಲೇ ಇರುವುದು ಸಾರಿಗೆ ನಿಗಮಗಳ ಚಾಲಕ, ನಿರ್ವಾಹಕರಿಗೆ. 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆಯಂತೆ (2025ರ ನವೆಂಬರ್‌ನಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂತು) ದಿನಕ್ಕೆ 8, ವಾರಕ್ಕೆ 48 ಗಂಟೆ ಇತ್ತು. ಐದು ಗಂಟೆ ದುಡಿದ ಮೇಲೆ ಅರ್ಧ ಗಂಟೆ ವಿರಾಮ, ಹೆಚ್ಚುವರಿ ಕೆಲಸಕ್ಕೆ ಎರಡು ಪಟ್ಟು ಕೂಲಿ. ಆದರೆ ಅದೇ ಕಾಯ್ದೆಯಲ್ಲಿ ಇನ್ನೊಂದು ಮಾತಿತ್ತು: ವಿರಾಮ ಸೇರಿ ಡ್ಯೂಟಿಯನ್ನು 12 ಗಂಟೆಯವರೆಗೆ ಹರಡಬಹುದಿತ್ತು. ಬೆಳಿಗ್ಗೆ ಆರಕ್ಕೆ ಡಿಪೋದಲ್ಲಿ ಹಾಜರಿ, ಹತ್ತಕ್ಕೆ ಬಿಡುವು, ಮಧ್ಯಾಹ್ನ ಎರಡಕ್ಕೆ ಮತ್ತೆ ಸ್ಟೀರಿಂಗ್, ಸಂಜೆ ಆರಕ್ಕೆ ಮುಕ್ತಾಯ. ಲೆಕ್ಕದಲ್ಲಿ ಎಂಟೇ ಗಂಟೆ, ಮನೆಯಿಂದ ಹೊರಗೆ ಹನ್ನೆರಡು. ನಡುವಿನ ನಾಲ್ಕು ಗಂಟೆಯಲ್ಲಿ ದೂರದ ಮನೆಗೆ ಹೋಗಿ ಬರಲಾಗದು, ಡಿಪೋದ ರೆಸ್ಟ್ ರೂಮೇ ಗತಿ. ಇವರು ವೇತನ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ನಾಲ್ಕು ವರ್ಷಕ್ಕೊಮ್ಮೆ ಆಗಬೇಕಾದ ಒಪ್ಪಂದವೇ ಇವರಿಗೆ ಆಯೋಗ. 2020ಕ್ಕೆ ಆಗಬೇಕಿದ್ದ 15% ಏರಿಕೆ ಜಾರಿಯಾಗಿದ್ದು 2023ರ ಮಾರ್ಚ್‌ನಲ್ಲಿ. 38 ತಿಂಗಳ ಹಿಂಬಾಕಿಗಾಗಿ 2025ರ ಆಗಸ್ಟ್ 5ರಂದು ಮುಷ್ಕರವೇ ನಡೆಯಿತು. ಸೇರುವವರು ಸಂಬಳದ ಅಂಕಿಯ ಜೊತೆಗೆ ಈ ಕಾಯುವಿಕೆಯನ್ನೂ ಬೆಲೆಗೆ ಸೇರಿಸಿಕೊಳ್ಳಬೇಕು.

ವಿದ್ಯುತ್ ನಿಗಮಗಳಾದ ಕೆಪಿಟಿಸಿಎಲ್ ಮತ್ತು ಎಸ್ಕಾಂಗಳ ಕಿರಿಯ ಪವರ್‌ಮ್ಯಾನ್ ಹುದ್ದೆಯಲ್ಲಿ ಬೇರೆ ಥರದ ಪೆಟ್ಟು. 2024ರ ನೇಮಕಾತಿಯಲ್ಲಿ ಶ್ರೇಣಿ 28,550–63,000 ಎಂದಿತ್ತು. ಕೆಳಗೆ ಓದಿದರೆ ಮೊದಲ ಮೂರು ವರ್ಷ ತರಬೇತಿ ಅವಧಿ, ತಿಂಗಳಿಗೆ ಕ್ರಮವಾಗಿ 17,000, 19,000, 21,000 ನಿಗದಿತ ಮೊತ್ತ ಮಾತ್ರ. ಕಂಬ ಹತ್ತುವುದು ಮೊದಲ ವರ್ಷದಿಂದಲೇ. ಮಲೆನಾಡು, ಕರಾವಳಿಯಲ್ಲಿ ಜೂನ್ ಜುಲೈ ಬಂತೆಂದರೆ ಮರ ಬಿದ್ದ ಕಡೆಯೇ ಕಚೇರಿ. ಸಬ್‌ಸ್ಟೇಷನ್ ಪರಿಚಾರಕರಾದರೆ ಎಂಟು ಗಂಟೆಯ ಮೂರು ಪಾಳಿ, ಹೊತ್ತಾದರೂ ಗೊತ್ತಿರುತ್ತದೆ. ಎರಡರ ನಡುವೆ ಆಯ್ಕೆ ಇದ್ದರೆ ಪರಿಚಾರಕ ಹುದ್ದೆ ಬರೆಯಿರಿ.

ಈ ವಿಮರ್ಶೆಯಲ್ಲಿ ಹೆಚ್ಚು ಹೊತ್ತು ನಿಲ್ಲಬೇಕಾದ ಹುದ್ದೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ). ಗ್ರೂಪ್ ಸಿ ಹುದ್ದೆಗಳ ಪೈಕಿ ಎಲ್ಲರ ಕಣ್ಣೂ ಇದರ ಮೇಲೆ. ಬೇಸಿಕ್ 61,300, ಪಿಎಸ್‌ಐ ಹುದ್ದೆಗೂ ಅಷ್ಟೇ. ಹಳ್ಳಿಯ 7.5% ಎಚ್‌ಆರ್‌ಎ ಸೇರಿ 74,633. ಕಚೇರಿ ವೇಳೆಯನ್ನಷ್ಟೇ ಹಿಡಿದರೆ ಗಂಟೆಗೆ 459 ರೂಪಾಯಿ. ಈ ಪಟ್ಟಿಯಲ್ಲಿ ಇದಕ್ಕೆ ಸಾಟಿಯೇ ಇಲ್ಲ. ಆದರೆ ಪಂಚಾಯಿತಿ ಐದೂವರೆಗೆ ಬಾಗಿಲು ಹಾಕುವ ಕಚೇರಿಯಲ್ಲ. ಬೆಳಿಗ್ಗೆ ನೀರು ಬಂದಿಲ್ಲ ಎಂದು ಮೊದಲ ಫೋನ್. ಉದ್ಯೋಗ ಖಾತರಿ ಕೆಲಸದ ಸ್ಥಳದಲ್ಲಿ ಫೋಟೊ ಹಾಜರಿ ಅಪ್‌ಲೋಡ್ ಆಗದಿದ್ದರೆ ಕೂಲಿ ನಿಂತು, ಸಂಜೆ ಕೂಲಿಕಾರರು ಬಾಗಿಲಲ್ಲಿ. ನಡುವೆ ಇ–ಸ್ವತ್ತು, ಕರ ವಸೂಲಿ, ತಾಲ್ಲೂಕು ಪಂಚಾಯಿತಿಯ ಸಭೆ, ಅದು ಮುಗಿಯುವ ಹೊತ್ತಿಗೆ ಜಿಲ್ಲೆಯ ವಿಡಿಯೊ ಕಾನ್ಫರೆನ್ಸ್. ವಾರಕ್ಕೆ 60 ಗಂಟೆ ಎಂದು ಹಿಡಿದರೆ ತಿಂಗಳಿಗೆ 260 ಗಂಟೆ, ಗಂಟೆಗೆ 287. ಬೆಂಗಳೂರಿನ ಎಸ್‌ಡಿಎಗೆ ಎಷ್ಟು ಬಿತ್ತು? 282. ಐದೇ ರೂಪಾಯಿ ಅಂತರ. ಅಂದರೆ ಪಿಡಿಒ ದುಬಾರಿ ಗಂಟೆಯ ಹುದ್ದೆಯಲ್ಲ, ಹೆಚ್ಚು ಗಂಟೆಯ ಹುದ್ದೆ. ಬಿಲ್‌ಗೆ ಸಹಿ ನಿಮ್ಮದು, ಆಡಿಟ್ ಆಕ್ಷೇಪಣೆಗೆ ಉತ್ತರವೂ ನಿಮ್ಮದೇ. ತಪ್ಪಿದರೆ ವಸೂಲಿ ನಿಮ್ಮ ಸಂಬಳದಿಂದ. ಆ ಅಪಾಯಕ್ಕೆ ಸಂಬಳದಲ್ಲಿ ಬೇರೆ ಭತ್ಯೆ ಇಲ್ಲ.

ಗ್ರಾಮ ಆಡಳಿತ ಅಧಿಕಾರಿಯ ಸ್ಥಿತಿ ಇನ್ನೂ ಇಕ್ಕಟ್ಟು. ಕೆಲಸ ಪಿಡಿಒ ಥರದ ಹಳ್ಳಿ ತಿರುಗಾಟ, ಸಂಬಳ ಎಸ್‌ಡಿಎಯದು: 34,100. ಲ್ಯಾಂಡ್ ಬೀಟ್, ಬೆಳೆ ಸಮೀಕ್ಷೆ ಎಂದು ಒಂದೊಂದು ಕೆಲಸಕ್ಕೆ ಒಂದೊಂದು ಆ್ಯಪ್, ಎಲ್ಲಕ್ಕೂ ಗಡುವು. 2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ಇವರು ಮುಷ್ಕರ ಹೂಡಿದಾಗ ಈ ಆ್ಯಪ್‌ಗಳ ಹೊರೆಯೂ ರಜಾ ದಿನದ ಕೆಲಸವೂ ಬೇಡಿಕೆಪಟ್ಟಿಯಲ್ಲಿದ್ದವು. ಸಮಾನ ಶ್ರೇಣಿಯ ಎರಡು ಹುದ್ದೆಗಳಲ್ಲಿ ಯಾವುದು ಎಂದು ಕೇಳಿದರೆ, ಕಚೇರಿಯ ಎಸ್‌ಡಿಎಯೇ ಆಗಲಿ ಎನ್ನುತ್ತೇವೆ.

ಶಿಕ್ಷಕರದು ಯಾವಾಗಲೂ ಜಗಳದ ವಿಷಯ. ಆರರಿಂದ ಎಂಟನೇ ತರಗತಿಯ ಪದವೀಧರ ಶಿಕ್ಷಕರ ಬೇಸಿಕ್ ಎಫ್‌ಡಿಎಗೆ ಸಮ, 44,425. ಹಳ್ಳಿಯಲ್ಲಿ ಒಟ್ಟು 54,088. ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಂತೆ ಈ ತರಗತಿಗಳಿಗೆ ವರ್ಷಕ್ಕೆ ಕನಿಷ್ಠ 220 ದಿನ, ಶಿಕ್ಷಕರಿಗೆ ಪಾಠ ತಯಾರಿ ಸೇರಿ ವಾರಕ್ಕೆ ಕನಿಷ್ಠ 45 ಗಂಟೆ. ಕನಿಷ್ಠವನ್ನೇ ಹಿಡಿದರೆ ವರ್ಷಕ್ಕೆ 1,650 ಗಂಟೆ, ಗಂಟೆಗೆ 393 ರೂಪಾಯಿ. ಹಳ್ಳಿಯಲ್ಲಿದ್ದೂ ಬೆಂಗಳೂರಿನ ಎಫ್‌ಡಿಎಯನ್ನು ಹಿಂದಿಕ್ಕುತ್ತದೆ. ರಜೆ ಜಾಸ್ತಿ ಎಂದು ಹೊಟ್ಟೆಯುರಿದುಕೊಳ್ಳುವವರಿಗೆ ಈ ಅಂಕಿ ಸಾಕ್ಷಿಯಾಗಬಹುದು. ಆದರೆ ಆ ರಜೆ ನಿಜವಾಗಿ ಅವರ ಕೈಯಲ್ಲಿರುತ್ತದೆಯೇ? 2025ರ ಸೆಪ್ಟೆಂಬರ್ 22ರಿಂದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ನಡೆದಾಗ ದಸರಾ ರಜೆಯಲ್ಲಿ ಮನೆ ಮನೆ ಬಾಗಿಲು ತಟ್ಟಿದವರು ಹೆಚ್ಚಾಗಿ ಶಿಕ್ಷಕರೇ. ಚುನಾವಣೆ ಬಂದರೆ ಮತಗಟ್ಟೆ, ಬಾರದ ವರ್ಷ ಮತದಾರರ ಪಟ್ಟಿ. ಇಷ್ಟೆಲ್ಲ ಸೇರಿಸಿದರೂ ಗಂಟೆ ಲೆಕ್ಕದಲ್ಲಿ ಶಿಕ್ಷಕ ವೃತ್ತಿ ಮೇಲಿನ ಸಾಲಿನಲ್ಲೇ ಉಳಿಯುತ್ತದೆ.

ನರ್ಸಿಂಗ್ ಅಧಿಕಾರಿಗಳ ಬೇಸಿಕ್ 54,175, ನೋಡಲು ಚೆಂದ. ಪಾಳಿಯಲ್ಲಿ ರಾತ್ರಿಯದು ಸಾಮಾನ್ಯವಾಗಿ ಎಂಟರಿಂದ ಎಂಟರವರೆಗೆ, ಹನ್ನೆರಡು ಗಂಟೆ. ವಾರ್ಡಿನಲ್ಲಿ ಸಿಬ್ಬಂದಿ ಎಷ್ಟು ಖಾಲಿ ಇದೆ ಎಂಬುದರ ಮೇಲೆ ಈ ಹುದ್ದೆಯ ನಿಜವಾದ ಗಂಟೆ ನಿಂತಿದೆ, ಹಾಗಾಗಿ ಒಂದೇ ಅಂಕಿ ಕೊಡುವುದು ಮೋಸವಾಗುತ್ತದೆ.

ಅರ್ಧ ದಿನದ ಕೆಲಸ ಹುಡುಕುವವರು ಗ್ರಾಮೀಣ ಡಾಕ್ ಸೇವಕ್ ಹುದ್ದೆ ನೋಡುತ್ತಾರೆ. ನಾಲ್ಕು ಗಂಟೆಯ ಹಂತದಲ್ಲಿ ಶಾಖಾ ಅಂಚೆಪಾಲಕರಿಗೆ 12,000, ಸಹಾಯಕರಿಗೆ 10,000. 58% ಡಿಎ ಸೇರಿ 18,960 ಮತ್ತು 15,800. ತಿಂಗಳಿಗೆ 26 ದಿನ ಹಿಡಿದರೆ ಗಂಟೆಗೆ 182 ಮತ್ತು 152. ಎಚ್‌ಆರ್‌ಎ ಇಲ್ಲ, ಅಂಚೆಪಾಲಕರು ಶಾಖಾ ಕಚೇರಿಗೆ ಜಾಗವನ್ನೂ ತಾವೇ ಹೊಂದಿಸಬೇಕು. ತೋಟ, ಅಂಗಡಿ ಏನಾದರೂ ಜೊತೆಗಿದ್ದವರಿಗೆ ಸರಿ. ಇದೊಂದನ್ನೇ ನಂಬಿ ಸಂಸಾರ ಹೂಡುವುದು ಕಷ್ಟ.

ಇಷ್ಟು ಹೊತ್ತು ಹೇಳಿದ್ದೆಲ್ಲ ಒಟ್ಟು ಸಂಬಳ. ಕೈಗೆ ಬರುವುದು ಬೇರೆ. ಎಸ್‌ಡಿಎಯ 45,779ರಲ್ಲಿ ಎನ್‌ಪಿಎಸ್‌ಗೆ (ಪಿಂಚಣಿ ಯೋಜನೆ) ಬೇಸಿಕ್ ಮತ್ತು ಡಿಎ ಮೇಲೆ 10%, ಅಂದರೆ 3,896 ಹೋಗುತ್ತದೆ. ಕೆಜಿಐಡಿ (ರಾಜ್ಯ ಸರ್ಕಾರಿ ವಿಮಾ ಇಲಾಖೆ) ವಿಮೆ ಕಡ್ಡಾಯ. ಕನಿಷ್ಠ ಕಂತು ವೇತನ ಶ್ರೇಣಿಯ ಸರಾಸರಿಯ 6.25%, ಸುಮಾರು 3,178. ಆರೋಗ್ಯ ಸಂಜೀವಿನಿ ಯೋಜನೆಗೆ ಗ್ರೂಪ್ ಸಿ ನೌಕರರಿಂದ 350, ವೃತ್ತಿ ತೆರಿಗೆ 200, ಫೆಬ್ರವರಿಯಲ್ಲಿ ಮಾತ್ರ 300. ಗುಂಪು ವಿಮೆಯ ಚಿಲ್ಲರೆ ಸೇರಿದರೆ ಏಳೂವರೆ ಸಾವಿರ ದಾಟಿ, ಕೈಗೆ ಮೂವತ್ತೆಂಟು ಸಾವಿರದ ಆಸುಪಾಸು. ಆದಾಯ ತೆರಿಗೆಯ ಚಿಂತೆ ಬೇಡ: 2025–26ರ ಹೊಸ ಪದ್ಧತಿಯಲ್ಲಿ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆ ಬೀಳುವುದಿಲ್ಲ, ಪಿಡಿಒ ಕೂಡ ಅದರೊಳಗೇ ಬರುತ್ತಾರೆ. ಸ್ಲಿಪ್‌ನ ಗಳಿಕೆಯ ಸಾಲಿನಲ್ಲಿ ಕಾಣದ ಒಂದು ಮೊತ್ತವಿದೆ: ಎನ್‌ಪಿಎಸ್‌ಗೆ ಸರ್ಕಾರ ಹಾಕುವ 14%. ಎಸ್‌ಡಿಎಗೆ ಅದು ತಿಂಗಳಿಗೆ 5,454. ಖಾಸಗಿ ಕೆಲಸದ ಸಿಟಿಸಿ ಜೊತೆ ಹೋಲಿಸುವಾಗ ಇದನ್ನು ಬಿಟ್ಟರೆ ಸರ್ಕಾರಿ ಕಡೆಯ ತಕ್ಕಡಿ ಸುಮ್ಮನೆ ಮೇಲೇಳುತ್ತದೆ.

ಕೊನೆಗೆ ಹೊರಗುತ್ತಿಗೆ. ಇದೇ ಕಚೇರಿಗಳಲ್ಲಿ, ಇದೇ ಹತ್ತರಿಂದ ಐದೂವರೆಗೆ, ಕಂಪ್ಯೂಟರ್ ಆಪರೇಟರ್ ಎಂದು ಕೂರುವವರಿಗೆ ಈ ಮೇಲಿನ ಒಂದು ಅಂಕಿಯೂ ಅನ್ವಯಿಸುವುದಿಲ್ಲ. ಬೇಸಿಕ್ ಇಲ್ಲ, ಎಚ್‌ಆರ್‌ಎ ಇಲ್ಲ, ಏಜೆನ್ಸಿ ಕೊಡುವ ಮೊತ್ತ ಅಷ್ಟೆ. ಇಲಾಖೆ ಏಜೆನ್ಸಿಗೆ ಕಟ್ಟುವ ಬಿಲ್ಲಿನಲ್ಲಿ ಸೇವಾ ಶುಲ್ಕ, ಜಿಎಸ್‌ಟಿ, ಮಾಲೀಕರ ಪಾಲಿನ ಪಿಎಫ್ ಮತ್ತು ಇಎಸ್‌ಐ ಎಲ್ಲ ಇರುವುದರಿಂದ ಆ ದೊಡ್ಡ ಮೊತ್ತವನ್ನೇ ನಿಮ್ಮ ಸಂಬಳ ಎಂದು ಬಾಯಲ್ಲಿ ಹೇಳುವುದುಂಟು. ಆದೇಶದ ಪ್ರತಿ ಕೇಳಿ, ಕೈಗೆ ಎಷ್ಟು ಎಂದು ಬರೆಸಿಕೊಳ್ಳಿ. ಸೇರಿದ ಎರಡನೇ ತಿಂಗಳು ಮೊಬೈಲ್‌ನಲ್ಲಿ ಪಿಎಫ್ ಪಾಸ್‌ಬುಕ್ ತೆರೆದು ನೋಡಿ. ನಿಮ್ಮ ಪಾಲು, ಮಾಲೀಕರ ಪಾಲು ಎರಡೂ ಜಮೆಯಾಗಿರಬೇಕು. ಸಂಬಳದಲ್ಲಿ ಕಡಿತವಾಗಿ ಪಾಸ್‌ಬುಕ್‌ಗೆ ಬಾರದಿದ್ದರೆ, ಸ್ಲಿಪ್ ಹಿಡಿದು ಪಿಎಫ್ ಕಚೇರಿಗೆ ಅದೇ ತಿಂಗಳು ದೂರು ಕೊಡಿ. ವರ್ಷ ಕಳೆದರೆ ಏಜೆನ್ಸಿಯೇ ಬದಲಾಗಿರುತ್ತದೆ.